ಕಳೆದ ವರ್ಷದ ಕಡ್ಡಿ

ನನ್ನ ತೋಟದ ಓಕ್ ಎಲೆಯ ಹೈಡ್ರೇಂಜಿಯಾ ಎಂಬ ಈ ಹೂಗಿಡದ ಮುಂದೆ ನಾನು ಕತ್ತರಿ ಹಿಡಿದು ನಿಲ್ಲುವುದು ವರ್ಷಕ್ಕೆ ಒಂದೇ ಸಲ. ಅದೂ ಬಿಳಿಯ ಗೊಂಚಲುಗಳು ನಸುಗೆಂಪಿಗೆ ತಿರುಗುವ ಹೊತ್ತಿನಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗಿನ ಇಲ್ಲಿಯ ಬೇಸಿಗೆ ಇನ್ನೂ ಉಳಿದಿರುವಾಗ. ಆಗಲೂ ತೆಗೆಯುವುದು ಎರಡೋ ಮೂರೋ ರೆಂಬೆ, ಅಷ್ಟೇ. ಉಳಿದ ತಿಂಗಳುಗಳಲ್ಲಿ ಎಷ್ಟೇ ಕೈ ತುರಿಸಿದರೂ ಕತ್ತರಿ ಹೊರಗೆ ಬರುವುದಿಲ್ಲ. ಇಷ್ಟನ್ನು ಕಲಿಯಲು ನಾನು ಒಂದು ಇಡೀ ವರ್ಷದ ಹೂವನ್ನು ಕಳೆದುಕೊಳ್ಳಬೇಕಾಯಿತು.

ಆಗ ಗಿಡಕ್ಕೆ ಮೂರು ವರ್ಷ. ಫೆಬ್ರವರಿಯ ಒಂದು ಮಧ್ಯಾಹ್ನ ತೋಟ ಹಸನು ಮಾಡಲು ಇಳಿದಿದ್ದೆ. ಎಲೆಯೆಲ್ಲ ಉದುರಿಹೋಗಿ, ಸೊಟ್ಟಂಬಟ್ಟ ಕಡ್ಡಿಗಳ ತುದಿಯಲ್ಲಿ ಹಿಂದಿನ ಬೇಸಿಗೆಯ ಗೊಂಚಲುಗಳು ಒಣಗಿ ಜೋತುಬಿದ್ದಿದ್ದವು. ಗುಲಾಬಿಗೆ ಮಾಡುವ ಹಾಗೆ ಇದನ್ನೂ ಮೊಣಕಾಲೆತ್ತರಕ್ಕೆ ಸವರಿಬಿಟ್ಟರೆ ಹೊಸ ಚಿಗುರು ಬಲವಾಗಿ ಬರುತ್ತದೆ, ಹೂವೂ ಹೆಚ್ಚುತ್ತದೆ ಎಂದುಕೊಂಡೆ. ಚಿಗುರು ಬಂದದ್ದೇನೋ ನಿಜ. ಬೆರಳು ದಪ್ಪದ ಕಡ್ಡಿಗಳು, ಎರಡು ಅಂಗೈ ಸೇರಿಸಿದರೂ ಮುಚ್ಚಲಾಗದ ಎಲೆಗಳು. ಮೇ ಕಳೆಯಿತು, ಜೂನ್ ಕಳೆಯಿತು, ಒಂದೇ ಒಂದು ಗೊಂಚಲೂ ಹೊರಡಲಿಲ್ಲ. ನೆರಳು ಹೆಚ್ಚಾಯಿತೇನೋ ಎಂದು ಪಕ್ಕದ ಮರದ ಒಂದು ಕೊಂಬೆ ಇಳಿಸಿದೆ. ಕಸುವು ಸಾಲದೇನೋ ಎಂದು ಗೊಬ್ಬರ ಕೊಟ್ಟೆ. ಎಲೆಗಳು ಇನ್ನಷ್ಟು ದೊಡ್ಡವಾದವು.

ತಪ್ಪು ಫೆಬ್ರವರಿಯಲ್ಲೇ ಆಗಿಹೋಗಿತ್ತು. ಓಕ್ ಎಲೆಯ ಹೈಡ್ರೇಂಜಿಯಾ ಈ ವರ್ಷ ಬಿಡುವ ಹೂವಿನ ಮೊಗ್ಗನ್ನು ಹೋದ ವರ್ಷವೇ ಕಟ್ಟಿರುತ್ತದೆ. ಹೂವು ಮುಗಿದ ಮೇಲೆ, ಬೇಸಿಗೆಯ ಕೊನೆಯ ವಾರಗಳಲ್ಲಿ, ಆ ವರ್ಷ ಬೆಳೆದ ಕಡ್ಡಿಯ ತುದಿಯ ಕಣ್ಣಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಚಳಿಗಾಲವಿಡೀ ಅದು ಅಲ್ಲೇ ಮುದುಡಿಕೊಂಡಿರುತ್ತದೆ. ವಸಂತದಲ್ಲಿ ಕಣ್ಣು ಬಿರಿದಾಗ ಮೊದಲು ಕೆಲವು ಜೊತೆ ಎಲೆಗಳು, ಆಮೇಲೆ ಅವುಗಳ ನಡುವಿನಿಂದ ಗೊಂಚಲು. ನಾನು ಒಣಕಲು ಎಂದು ಕತ್ತರಿಸಿ ರಾಶಿ ಹಾಕಿದ್ದ ಪ್ರತಿಯೊಂದು ತುದಿಯಲ್ಲೂ ಜೂನ್ ತಿಂಗಳ ಹೂವು ಇತ್ತು. ಆ ಕಡ್ಡಿಗಳನ್ನು ಕೈಯಾರೆ ಹೊತ್ತು ಗೊಬ್ಬರದ ಗುಂಡಿಗೆ ಹಾಕಿದ್ದು ನೆನಪಾದರೆ ಇಂದಿಗೂ ಸಂಕಟವಾಗುತ್ತದೆ.

ಗೊಂದಲಕ್ಕೆ ಒಂದು ಕಾರಣವಿದೆ. ಹೈಡ್ರೇಂಜಿಯಾ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸ್ವಭಾವದ ಗಿಡಗಳಿವೆ. ಪ್ಯಾನಿಕ್ಯುಲೇಟಾ ಮತ್ತು ಆರ್ಬೊರೆಸೆನ್ಸ್ ಎಂಬ ಜಾತಿಗಳು ಆಯಾ ವರ್ಷದ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ಚಳಿಗಾಲದ ಕೊನೆಯಲ್ಲಿ ಅವುಗಳನ್ನು ಎಷ್ಟು ಸವರಿದರೂ ನಷ್ಟವಿಲ್ಲ. ನೀಲಿ ಚೆಂಡಿನಂಥ ಹೂವಿನ ಮ್ಯಾಕ್ರೊಫಿಲ್ಲಾದ ಬಹುಪಾಲು ತಳಿಗಳು ಮತ್ತು ನಮ್ಮ ಈ ಓಕ್ ಎಲೆಯದು ಹಳೆಯ ಕಡ್ಡಿಯನ್ನೇ ನಂಬಿರುವಂಥವು. ಆದ್ದರಿಂದ ‘ಹೈಡ್ರೇಂಜಿಯಾ ಸವರುವುದು ಯಾವಾಗ’ ಎಂದು ಯಾರಾದರೂ ಕೇಳಿದರೆ ಯಾವ ಜಾತಿ ಎಂದು ತಿಳಿದುಕೊಳ್ಳದೆ ನಾನು ಬಾಯಿ ಬಿಡುವುದಿಲ್ಲ. ಈ ಗಿಡಕ್ಕಾದರೆ ಉತ್ತರ ಸರಳ: ಹೂವಿನ ಬಣ್ಣ ತಿರುಗಿದ ಕೂಡಲೇ, ಜುಲೈ ದಾಟುವ ಮೊದಲು. ಸತ್ತ ಕಡ್ಡಿಯನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು. ಅದೂ ಕಣ್ಣುಗಳೆಲ್ಲ ಒಡೆದು, ಯಾವುದು ಸತ್ತಿದೆ ಯಾವುದು ಬದುಕಿದೆ ಎಂಬುದು ಸ್ಪಷ್ಟವಾದ ಮೇಲೆ ತೆಗೆಯುವುದು ಕ್ಷೇಮ.

ಇದಕ್ಕೂ ಮೊದಲು ಒಂದು ಗಿಡವನ್ನು ನಾನು ಪೂರ್ತಿಯಾಗಿಯೇ ಕಳೆದುಕೊಂಡಿದ್ದೆ. ಅದನ್ನು ಹೇಳುವ ಮುನ್ನ ಈ ಗಿಡದ ತವರಿನ ಬಗ್ಗೆ ಹೇಳಬೇಕು, ಏಕೆಂದರೆ ಆ ತವರನ್ನು ತಿಳಿದುಕೊಂಡ ಮೇಲೆಯೇ ನನಗೆ ಇದನ್ನು ಬೆಳೆಸಲು ಬಂದದ್ದು.

ಓಕ್ ಎಲೆಯ ಹೈಡ್ರೇಂಜಿಯಾ ಅಮೆರಿಕದ ಆಗ್ನೇಯ ರಾಜ್ಯಗಳದು. ಅಲಬಾಮಾ, ಜಾರ್ಜಿಯಾ, ಮಿಸಿಸಿಪಿ, ಟೆನೆಸಿ, ಫ್ಲೋರಿಡಾದ ಉತ್ತರದ ಅಂಚು, ಇವೇ ಇದರ ನೆಲ. 1999ರಲ್ಲಿ ಅಲಬಾಮಾ ಇದನ್ನು ತನ್ನ ರಾಜ್ಯದ ಕಾಡುಹೂವೆಂದು ಘೋಷಿಸಿತು. ಗ್ರಂಥಗಳಿಗೆ ಇದರ ವರ್ಣನೆ ಬಂದದ್ದು ವಿಲಿಯಂ ಬಾರ್ಟ್ರಮ್‌ನಿಂದ. ಫಿಲಡೆಲ್ಫಿಯಾದ ಈ ಸಸ್ಯಪ್ರೇಮಿ 1773ರಲ್ಲಿ ದಕ್ಷಿಣದ ಕಾಡುಗಳತ್ತ ಹೊರಟು ಕೆಲವು ವರ್ಷ ಅಲ್ಲೇ ಅಲೆದ. ಜಾರ್ಜಿಯಾದಲ್ಲಿ ಈ ಗಿಡವನ್ನು ಕಂಡ. 1791ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಅದನ್ನು ಬಣ್ಣಿಸಿದ, ಚಿತ್ರವನ್ನೂ ಬರೆದ. ಅವನ ವರ್ಣನೆ ಓದಿದಾಗ ನನಗೆ ರೋಮಾಂಚನವಾಯಿತು. ತೊರೆಗಳ ದಂಡೆಯಲ್ಲಿ ಪೊದೆಪೊದೆಯಾಗಿ ಬೆಳೆಯುತ್ತದೆ, ಒಂದೇ ಬೇರಿನಿಂದ ಹಲವು ಕಾಂಡಗಳು ಏಳುತ್ತವೆ, ಕಾಂಡದ ತೆಳು ತೊಗಟೆ ಬಿರಿದು ಗಾಳಿಗೆ ಸುಲಿದುಹೋಗುತ್ತದೆ, ಅದರಡಿಯ ಕೆಂಗಂದು ತೊಗಟೆ ಕಾಣುತ್ತದೆ, ಮರುವರ್ಷ ಅದೂ ಹಾಗೆಯೇ ಸುಲಿಯುತ್ತದೆ ಎಂದು ಅವನು ಬರೆಯುತ್ತಾನೆ. ಒಮ್ಮೆ ಕಂಡು ಮುಂದೆ ನಡೆದವನ ಬರಹ ಹೀಗಿರುವುದಿಲ್ಲ. ಕಾಂಡದ ಬಳಿ ಕುಳಿತು, ತೊಗಟೆಯ ಒಂದು ಪದರವನ್ನು ಉಗುರಿನಿಂದ ಎತ್ತಿ ನೋಡಿದವನೇ ಹೀಗೆ ಬರೆಯಬಲ್ಲ ಎಂದು ನನಗನ್ನಿಸುತ್ತದೆ.

ತೊರೆಯ ದಂಡೆ ಎಂದ ತಕ್ಷಣ ನೀರು ಬೇಡುವ ಗಿಡ ಎಂದು ತಿಳಿದುಬಿಡುವುದು ಸುಲಭ. ಹೆಸರೂ ಅದನ್ನೇ ಹೇಳುವಂತಿದೆ. ಹೈಡ್ರೇಂಜಿಯಾ ಎಂಬುದು ಗ್ರೀಕ್ ಭಾಷೆಯ ನೀರು ಮತ್ತು ಪಾತ್ರೆ ಎಂಬ ಎರಡು ಪದಗಳಿಂದ ಆದದ್ದು. ಆದರೆ ಆ ಹೆಸರು ಬಂದದ್ದು ನೀರಿನ ಬಾಯಾರಿಕೆಯಿಂದಲ್ಲ, ಇದರ ಪುಟ್ಟ ಬೀಜಕೋಶ ನೀರಿನ ಬಟ್ಟಲಿನ ಆಕಾರದಲ್ಲಿರುವುದರಿಂದ. ಇನ್ನು ದಂಡೆ ಎಂದರೆ ಇಲ್ಲಿ ಇಳಿಜಾರು. ನದಿ ಕೊರೆದ ದಿಬ್ಬ, ಕಣಿವೆಯ ಓರೆ, ಕಲ್ಲುಸಂದಿ. ಮಳೆ ಸುರಿದರೆ ನೀರು ಬೇರನ್ನು ತೋಯಿಸಿ ಹರಿದುಹೋಗುವ ಜಾಗ. ತಲೆಯ ಮೇಲೆ ದೊಡ್ಡ ಮರಗಳು. ಚಳಿಗಾಲದಲ್ಲಿ ಅವುಗಳ ಎಲೆ ಉದುರಿ, ವಸಂತದ ಆರಂಭದಲ್ಲಿ ನೆಲದವರೆಗೂ ಬಿಸಿಲು ಇಳಿಯುತ್ತದೆ. ಬೇಸಿಗೆ ಏರುವಷ್ಟರಲ್ಲಿ ಮತ್ತೆ ನೆರಳು. ನೆಲದ ಮೇಲೆ ವರ್ಷ ವರ್ಷದ ತರಗೆಲೆ ಕೊಳೆತು ಕಪ್ಪಾದ ಸಡಿಲ ಮಣ್ಣು. ಹಲವು ಕಡೆ ಅಡಿಯಲ್ಲಿ ಸುಣ್ಣಕಲ್ಲು. ಹಾಗಾಗಿ ತುಸು ಹುಳಿ ಮಣ್ಣನ್ನು ಇಷ್ಟಪಡುವ ಗಿಡವಾದರೂ ಸುಣ್ಣದ ನೆಲದಲ್ಲಿಯೂ ಬದುಕುತ್ತದೆ.

ನನ್ನ ಮೊದಲ ಗಿಡಕ್ಕೆ ನಾನು ಕೊಟ್ಟದ್ದು ಇದಕ್ಕೆ ತದ್ವಿರುದ್ಧವಾದ ಜಾಗ. ತೋಟದ ತಗ್ಗಿನ ಮೂಲೆ, ಅಂಟುಮಣ್ಣು. ಆ ಮಣ್ಣಿನಲ್ಲಿ ಗುಂಡಿ ತೋಡಿ ಒಳ್ಳೆಯ ಗೊಬ್ಬರ ತುಂಬಿದ್ದೆ. ಅಂಟುಮಣ್ಣಿನ ನಡುವೆ ಅಂಥ ಗುಂಡಿ ನೀರು ನಿಲ್ಲುವ ಕೊಳಗದಂತಾಗುತ್ತದೆ ಎಂಬುದು ಹೊಳೆಯಲಿಲ್ಲ. ಮೊದಲ ಬೇಸಿಗೆಯಲ್ಲಿ ಎಲೆಗಳು ಬಾಡಿದವು. ಬಾಡಿದ ಗಿಡಕ್ಕೆ ನೀರು ಹೊಯ್ಯುವುದು ಯಾರ ಕೈಗಾದರೂ ಸಹಜ. ಹೊಯ್ದೆ. ಮರುದಿನ ಇನ್ನಷ್ಟು ಬಾಡಿತು, ಇನ್ನಷ್ಟು ಹೊಯ್ದೆ. ಎರಡು ವಾರದಲ್ಲಿ ಗಿಡ ಹೋಯಿತು. ಕಿತ್ತು ನೋಡಿದಾಗ ಬೇರುಗಳು ಕಪ್ಪಾಗಿ, ಮೆತ್ತಗಾಗಿ, ಬೆರಳಿಗೆ ಸಿಕ್ಕಿದರೆ ಸಿಪ್ಪೆ ಕಳಚಿ ಬರುವಂತಿದ್ದವು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ. ಫೈಟಾಫ್ತೊರದಂಥ ಬೇರುಕೊಳೆ ರೋಗಾಣುಗಳು ಅಂಥ ನೆಲಕ್ಕೇ ಕಾದಿರುತ್ತವೆ. ಬೇರು ಸತ್ತ ಗಿಡ ಸುತ್ತ ನೀರಿದ್ದರೂ ಕುಡಿಯಲಾಗದೆ ಬಾಡುತ್ತದೆ. ಒಣಗಿ ಬಾಡಿದ್ದೋ ಕೊಳೆತು ಬಾಡಿದ್ದೋ ಎಂದು ಎಲೆ ನೋಡಿ ಹೇಳಲಾಗದು. ಈಗ ನಾನು ಬಾಡಿದ ಎಲೆ ಕಂಡರೆ ಮೊದಲು ಬೆರಳನ್ನು ಮಣ್ಣಿನೊಳಗೆ ಇಳಿಸುತ್ತೇನೆ, ಆಮೇಲೆ ನೀರಿನ ಕೊಳವೆ.

ಎರಡನೆಯ ಗಿಡಕ್ಕೆ ಮಣ್ಣು ಏರಿಸಿ ಒಂದು ಅಡಿ ಎತ್ತರದ ದಿಬ್ಬ ಮಾಡಿದೆ. ಬೇರಿನ ಉಂಡೆಯ ಮೇಲ್ತುದಿ ನೆಲಕ್ಕಿಂತ ತುಸು ಮೇಲೆಯೇ ಇರುವಂತೆ ನೆಟ್ಟು, ಸುತ್ತ ಮೂರು ನಾಲ್ಕು ಬೆರಳು ದಪ್ಪ ತರಗೆಲೆ ಹರಡಿದೆ, ಕಾಂಡಕ್ಕೆ ತಾಗದ ಹಾಗೆ. ಪೂರ್ವಕ್ಕೆ ತೆರೆದ ಜಾಗವಾದ್ದರಿಂದ ಬೆಳಗಿನ ಬಿಸಿಲು ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರದ ನೆರಳು ಬಂದಿರುತ್ತದೆ. ಪೂರ್ತಿ ನೆರಳಿನಲ್ಲೂ ಇದು ಬದುಕುತ್ತದೆ, ಆದರೆ ಹೂವು ಕಡಿಮೆ, ಶರತ್ಕಾಲದ ಬಣ್ಣವೂ ಮಂಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಆಳವಾಗಿ ನೀರು ಕೊಟ್ಟೆ. ಬೇರು ಹಿಡಿದ ಮೇಲೆ ಗಿಡ ತನ್ನ ಪಾಡು ತಾನು ನೋಡಿಕೊಳ್ಳುತ್ತಿದೆ. ಗೊಬ್ಬರದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಸಾರಜನಕ ಹೆಚ್ಚಿರುವ ಗೊಬ್ಬರ ಇದಕ್ಕೆ ಬೇಡವೇ ಬೇಡ. ಕೊಳೆತ ಎಲೆಗೊಬ್ಬರ ವರ್ಷಕ್ಕೊಮ್ಮೆ ಸಾಕು. ಈ ಎರಡನೆಯ ಗಿಡವನ್ನೇ ನಾನು ಮೂರನೆಯ ವರ್ಷ ಮೊಣಕಾಲೆತ್ತರಕ್ಕೆ ಇಳಿಸಿದ್ದು. ಅದನ್ನೂ ತಾಳಿಕೊಂಡು ಮರುವರ್ಷದಿಂದ ಹೂ ಬಿಟ್ಟಿತು.

ಎಲೆಯ ಬಗ್ಗೆ ಹೇಳದೆ ಹೂವಿನ ಮಾತಿಗೆ ಹೋಗಲಾರೆ. ಗಿಡಕ್ಕೆ ಹೆಸರು ಕೊಟ್ಟದ್ದೇ ಎಲೆ. ಮೂರರಿಂದ ಏಳು ಹಾಲೆಗಳಾಗಿ ಸೀಳಿಕೊಂಡು, ಅಂಚಿನಲ್ಲಿ ಗರಗಸದ ಹಲ್ಲು, ಒಂದು ಗೇಣಿಗೂ ಮೀರಿದ ಉದ್ದ. ಓಕ್ ಮರದ ಎಲೆಯನ್ನು ಯಾರೋ ಹಿಗ್ಗಿಸಿ ದಪ್ಪ ಮಾಡಿದಂತೆ. ಮೇಲ್ಭಾಗ ಕಡುಹಸಿರು, ಒರಟು. ಕೆಳಭಾಗದಲ್ಲಿ ಬಿಳಿಯ ನವುರಾದ ರೋಮ. ಗಾಳಿ ಬೀಸಿದಾಗ ಇಡೀ ಪೊದೆ ಒಮ್ಮೆ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ಅಮ್ಮ ಒಮ್ಮೆ ತೋಟಕ್ಕೆ ಬಂದಾಗ ಹೂವಿನತ್ತ ನೋಡಲೇ ಇಲ್ಲ. ಒಂದು ಎಲೆಯನ್ನು ಮಗುಚಿ, ಹೆಬ್ಬೆರಳಿನಿಂದ ಹಿಂಭಾಗವನ್ನು ಸವರುತ್ತ, “ಇದೇನೋ, ಎಳೆಗರುವಿನ ಕಿವಿ ಇದ್ದ ಹಾಗಿದೆ” ಎಂದಳು. ವಸಂತದಲ್ಲಿ ಆಗಷ್ಟೇ ಬಿಚ್ಚಿಕೊಳ್ಳುವ ಎಲೆಗಂತೂ ಇದಕ್ಕಿಂತ ಸರಿಯಾದ ಮಾತಿಲ್ಲ. ಆಗ ಎರಡೂ ಬದಿಯಲ್ಲಿ ರೋಮವಿರುತ್ತದೆ, ಎಲೆ ಇನ್ನೂ ಜೋಲುತ್ತಿರುತ್ತದೆ, ಮುಟ್ಟಿದರೆ ಬೆಚ್ಚಗಿದೆಯೇನೋ ಎನ್ನಿಸುತ್ತದೆ.

ಹೈಡ್ರೇಂಜಿಯಾ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ದುಂಡಗಿನ ನೀಲಿ ಅಥವಾ ಗುಲಾಬಿ ಹೂವು. ಇದರ ಗೊಂಚಲು ಹಾಗಿಲ್ಲ. ಬುಡದಲ್ಲಿ ಅಗಲವಾಗಿ ತುದಿಗೆ ಹೋದಂತೆ ಕಿರಿದಾಗುವ ಶಂಕು, ಉದ್ದ 10ರಿಂದ 30 ಸೆಂಟಿಮೀಟರ್. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಎರಡು ಬಗೆಯ ಹೂಗಳು. ಹೊರಗೆ ಎದ್ದು ಕಾಣುವ ನಾಲ್ಕು ಎಸಳಿನ ಬಿಳಿ ಹೂಗಳು ಬಂಜೆ ಹೂಗಳು. ಅವುಗಳಲ್ಲಿ ನಾವು ಎಸಳು ಎನ್ನುವುದು ನಿಜವಾಗಿ ಪುಷ್ಪಪತ್ರ, ಅಂದರೆ ಮೊಗ್ಗನ್ನು ಹೊರಗಿನಿಂದ ಹೊದ್ದಿರುವ ಪದರ. ಅವುಗಳ ಹಿಂದೆ, ಒಳಗೆ, ಸಾಸಿವೆಯಷ್ಟು ಸಣ್ಣ ಫಲವಂತ ಹೂಗಳು ನೂರಾರು. ಜೇನುನೊಣಗಳು ಬರುವುದು ಈ ಸಣ್ಣವುಗಳಿಗಾಗಿ. ಜೂನ್ ತಿಂಗಳ ಬೆಳಿಗ್ಗೆ ಗಿಡದ ಪಕ್ಕ ನಿಂತರೆ ಕಣ್ಣಿಗಿಂತ ಮೊದಲು ಕಿವಿಗೆ ಅವು ಸಿಗುತ್ತವೆ.

ಮಣ್ಣು ಬದಲಿಸಿ ಈ ಹೂವಿನ ಬಣ್ಣ ಬದಲಿಸಲು ಸಾಧ್ಯವಿಲ್ಲ. ನೀಲಿ ಚೆಂಡಿನ ಜಾತಿಯಲ್ಲಿ ಹುಳಿ ಮಣ್ಣು ಅಲ್ಯೂಮಿನಿಯಂ ಅನ್ನು ಬೇರಿಗೆ ಒದಗಿಸುತ್ತದೆ, ಹೂವು ನೀಲಿಯಾಗುತ್ತದೆ. ಸುಣ್ಣ ಹೆಚ್ಚಾದರೆ ಗುಲಾಬಿಯಾಗುತ್ತದೆ. ಇದು ಆ ಮಾತಿಗೆ ಬಗ್ಗುವುದಿಲ್ಲ. ಎಲ್ಲಿ ನೆಟ್ಟರೂ ಬಿಳಿಯಾಗಿ ಅರಳುತ್ತದೆ. ಆಮೇಲೆ ತನ್ನದೇ ವೇಗದಲ್ಲಿ ಬಣ್ಣ ತಿರುಗುತ್ತದೆ. ಮೊದಲು ಅಂಚಿನಲ್ಲಿ ನಸುಗೆಂಪು, ಕೆಲವು ವಾರಗಳಲ್ಲಿ ಹಳೆಯ ರೇಷ್ಮೆಯಂಥ ಮಾಸಿದ ಗುಲಾಬಿ, ಮಳೆಗಾಳಿಗೆ ಸಿಕ್ಕು ಒಣಗುತ್ತ ಕೊನೆಗೆ ಕಾಗದದಂಥ ತಿಳಿಗಂದು. ಒಂದೇ ಗೊಂಚಲನ್ನು ನಾನು ಜೂನ್‌ನಿಂದ ಫೆಬ್ರವರಿಯವರೆಗೆ ನೋಡುತ್ತೇನೆ. ಎರಡು ದಿನದಲ್ಲಿ ಬಾಡಿ ಬಿದ್ದುಹೋಗುವ ಹೂಗಳ ನಡುವೆ ಇಷ್ಟು ದೀರ್ಘವಾಗಿ ಮುಪ್ಪಾಗುವ ಹೂವನ್ನು ನಾನು ಬೇರೆ ಕಂಡಿಲ್ಲ. ಅದು ಬಿಳಿಯಾಗಿದ್ದಾಗಿನದಕ್ಕಿಂತ ಆಗಸ್ಟ್‌ನಲ್ಲಿ, ಬಿಳಿ ಪೂರ್ತಿ ಹೋಗದೆ ಕೆಂಪು ಪೂರ್ತಿ ಬಾರದೆ ಇರುವಾಗಲೇ ನನಗೆ ಹೆಚ್ಚು ಇಷ್ಟ.

ಈ ಮುಪ್ಪನ್ನು ಇನ್ನೂ ಚೆನ್ನಾಗಿ ತೋರಿಸುವ ತಳಿಯೊಂದಿದೆ, ‘ಸ್ನೋಫ್ಲೇಕ್’. ಅಲಬಾಮಾದ ಆಲ್ಡ್ರಿಡ್ಜ್ ಎಂಬ ಸಸ್ಯಪಾಲಕ ಕುಟುಂಬ ಬೆಳಕಿಗೆ ತಂದದ್ದು. ಅದರಲ್ಲಿ ಒಂದು ಹೂವಿನ ನಡುವಿನಿಂದ ಇನ್ನೊಂದು ಸುತ್ತು ಎಸಳು, ಅದರ ನಡುವಿನಿಂದ ಮತ್ತೊಂದು ಸುತ್ತು, ಹೀಗೆ ವಾರಗಟ್ಟಲೆ ಹೊರಡುತ್ತಲೇ ಇರುತ್ತವೆ. ಕೆಳಗಿನ ಹಳೆಯ ಸುತ್ತು ಕೆಂಪಾಗಿರುವಾಗ ಮೇಲಿನದು ಇನ್ನೂ ಬಿಳಿ. ಗೊಂಚಲು ಒಂದು ಅಡಿಗೂ ಮೀರಿ ಬೆಳೆದು ಭಾರಕ್ಕೆ ಬಾಗುತ್ತದೆ. ಮಳೆ ಬಂದ ಮರುದಿನ ನೆಲಕ್ಕೆ ಮುಖ ಮಾಡಿದ್ದರೆ ಗಾಬರಿಯಾಗಬೇಕಿಲ್ಲ, ಒಣಗಿದ ಮೇಲೆ ಬಹಳಷ್ಟು ಮೇಲೇಳುತ್ತದೆ.

ತಳಿಗಳಲ್ಲಿ ಆಯ್ಕೆ ಮಾಡುವಾಗ ಹೂವಿಗಿಂತ ಮೊದಲು ಗಾತ್ರ ಕೇಳಿಕೊಳ್ಳಿ. ಜಾರ್ಜಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಗಿಡದಿಂದ ತೋಟಗಾರಿಕೆಯ ಪ್ರಾಧ್ಯಾಪಕ ಮೈಕೇಲ್ ಡರ್ ಆರಿಸಿದ ‘ಆಲಿಸ್’ 12 ಅಡಿ ಎತ್ತರ, ಅಷ್ಟೇ ಅಗಲ ಬೆಳೆಯಬಲ್ಲದು. ಸಣ್ಣ ತೋಟಕ್ಕೆ ಅದನ್ನು ತಂದು, ಆಮೇಲೆ ಕಿಟಕಿಗೆ ಅಡ್ಡ ಬಂತೆಂದು ವರ್ಷವೂ ಕತ್ತರಿಸುತ್ತ ಹೂವಿಲ್ಲವೆಂದು ಕೊರಗುವವರಿದ್ದಾರೆ. ಜಾಗ ಕಡಿಮೆ ಇದ್ದರೆ ‘ಪೀ ವೀ’ ಇದೆ. ಅಮೆರಿಕದ ರಾಷ್ಟ್ರೀಯ ಸಸ್ಯೋದ್ಯಾನ 2010ರಲ್ಲಿ ಬಿಡುಗಡೆ ಮಾಡಿದ ‘ರೂಬಿ ಸ್ಲಿಪ್ಪರ್ಸ್’ ಮತ್ತು ‘ಮಂಚ್‌ಕಿನ್’ ಇವೆ. ರೂಬಿ ಸ್ಲಿಪ್ಪರ್ಸ್‌ನ ಹೂವು ಬಲುಬೇಗ ಕಡುಗುಲಾಬಿಗೆ ತಿರುಗುತ್ತದೆ, ಗೊಂಚಲು ಎಲೆಗಳ ಮೇಲೆ ನೆಟ್ಟಗೆ ನಿಲ್ಲುತ್ತದೆ. ಚಳಿಗಾಲವೆಂಬುದೇ ಇಲ್ಲದ ಊರಿಗೆ ಮಾತ್ರ ಈ ಜಾತಿಯನ್ನು ನಾನು ಸೂಚಿಸಲಾರೆ. ಎಲೆ ಉದುರಿಸಿ ಮಲಗುವ ಗಿಡವಿದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ, ಆದರೆ ಅಷ್ಟು ಕಡುಚಳಿಯಲ್ಲಿ ತುದಿಯ ಮೊಗ್ಗುಗಳು ಸುಡುವುದುಂಟು. ಗಿಡ ಉಳಿಯುತ್ತದೆ, ಆ ವರ್ಷದ ಹೂವು ಹೋಗುತ್ತದೆ.

ಶತ್ರುಗಳು ಹೆಚ್ಚಿಲ್ಲ. ಜಿಂಕೆಗಳು ಓಡಾಡುವ ಕಡೆ ಎಳೆಚಿಗುರನ್ನು ಕಾಯಬೇಕು. ಬೇಸಿಗೆಯ ಕೊನೆಗೆ ಎಲೆಚುಕ್ಕೆ ಬಂದರೆ ಬಿದ್ದ ಎಲೆಗಳನ್ನು ಗುಡಿಸಿ ತೆಗೆದು, ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ ಕೊಟ್ಟರೆ ಸಾಕಾಗುತ್ತದೆ. ಎಲೆ, ಮೊಗ್ಗು ತಿಂದರೆ ನಾಯಿ ಬೆಕ್ಕುಗಳಿಗೂ ಮಕ್ಕಳಿಗೂ ವಿಷ ಎಂಬುದು ನೆನಪಿರಲಿ.

ಶರತ್ಕಾಲದಲ್ಲಿ ಪಕ್ಕದ ಮರಗಳು ಹಳದಿಯಾಗಿ ಒಂದೇ ಗಾಳಿಗೆ ಬರಿದಾಗುತ್ತವೆ. ಈ ಗಿಡಕ್ಕೆ ಅವಸರವಿಲ್ಲ. ಬಿಸಿಲು ಬಿದ್ದ ಎಲೆ ಮೊದಲು ಕೆಂಪಾಗುತ್ತದೆ, ನೆರಳಿನದು ನೇರಳೆ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿದ್ದ ಕಡೆ ಹಸಿರು ಹಾಗೇ ಅಚ್ಚೊತ್ತಿರುತ್ತದೆ. ವಾರಗಟ್ಟಲೆ ಉರಿದು, ಮೊದಲ ಗಟ್ಟಿ ಹಿಮ ಬಿದ್ದ ಮೇಲೂ ಕೆಲವು ಎಲೆಗಳು ಕಡ್ಡಿ ಬಿಡುವುದಿಲ್ಲ. ಅವೂ ಹೋದ ಮೇಲೆ ಬಾರ್ಟ್ರಮ್ ಕಂಡ ತೊಗಟೆ. ದಾಲ್ಚಿನ್ನಿಯ ಬಣ್ಣದ ತೆಳು ಸುರುಳಿಗಳು ಕಾಂಡದಿಂದ ಅರ್ಧ ಬಿಟ್ಟುಕೊಂಡು ಗಾಳಿಗೆ ಅಲುಗುತ್ತಿರುತ್ತವೆ. ಇಳಿಬಿಸಿಲು ಹಿಂದಿನಿಂದ ಬಿದ್ದರೆ ಒಳಗಿನಿಂದಲೇ ಹೊಳೆದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಎಲೆಗಳು ಇದನ್ನೆಲ್ಲ ಮುಚ್ಚಿರುತ್ತವೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಈ ಗಿಡವನ್ನು ನೋಡಲೆಂದೇ ನಾನು ಸಂಜೆ ಹೊರಗೆ ಬರುತ್ತೇನೆ. ಒಂದು ಕಾಲಕ್ಕೆ ಇದೇ ಕಡ್ಡಿಗಳನ್ನು ಒಣಕಲು ಎಂದು ಕರೆದಿದ್ದೆ.

ಗಿಡಕ್ಕೆ ಈಗ ಹನ್ನೊಂದು ವರ್ಷ. ಬುಡದಿಂದ ಬಾಳೆಗೆ ಕಂದು ಏಳುವ ಹಾಗೆ ಮರಿಗಳು ಏಳುತ್ತಿವೆ. ತುಂಡು ನೆಟ್ಟು ಬೇರು ಬರಿಸಲು ಎರಡು ಸಲ ಹೋಗಿ ಎರಡು ಸಲವೂ ಕೊಳೆಸಿದೆ. ಹೆಚ್ಚು ತೇವವನ್ನು ಇದರ ಎಳೆಗಡ್ಡಿ ಸಹಿಸುವುದಿಲ್ಲ. ಬೀಜ ಧೂಳಿನಷ್ಟು ಸಣ್ಣದು, ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿದರೆ ಹುಟ್ಟುತ್ತದೆ, ಹೂವಿಗೆ ಮಾತ್ರ ವರ್ಷಗಳು ಬೇಕು. ಎಲ್ಲಕ್ಕಿಂತ ಸುಲಭವಾದದ್ದು ರೆಂಬೆ ಬಗ್ಗಿಸಿ ಮಣ್ಣು ಮಾಡುವುದು. ನೆಲಕ್ಕೆ ಹತ್ತಿರವಿರುವ ಒಂದು ರೆಂಬೆಯ ಅಡಿಭಾಗದ ತೊಗಟೆಯನ್ನು ಸ್ವಲ್ಪ ಕೆರೆದು, ಆ ಭಾಗವನ್ನು ಮಣ್ಣಿನಲ್ಲಿ ಹೂತು, ತುದಿಯನ್ನು ಹೊರಗೆ ಬಿಟ್ಟು, ಮೇಲೊಂದು ಕಲ್ಲು ಹೇರಬೇಕು. ಒಂದು ವರ್ಷ ಅದರ ತಂಟೆಗೆ ಹೋಗಬಾರದು. ಈ ಏಪ್ರಿಲ್‌ನಲ್ಲಿ ಅಮ್ಮ ಬಂದಿದ್ದಾಗ ಹಾಗೆ ಒಂದು ರೆಂಬೆಯನ್ನು ಹೂತೆ. ಕಲ್ಲನ್ನು ಅವಳೇ ಆರಿಸಿ ತಂದು ಇಟ್ಟಳು, “ಬೇರು ಬಂದರೆ ನನಗೆ ಕೊಡು” ಎಂದಳು.

ನಿನ್ನೆ ಸಂಜೆ ಬಗ್ಗಿ ನೋಡಿದೆ. ಕಲ್ಲು ಎತ್ತಲಿಲ್ಲ. ಮಣ್ಣಿನಿಂದ ಹೊರಗಿರುವ ತುದಿಯಲ್ಲಿ ಎರಡು ಎಲೆಗಳ ನಡುವೆ ಕಂದು ರೋಮ ಹೊದ್ದ ಒಂದು ಕಣ್ಣು ಬಂದಿದೆ, ಉಳಿದವಕ್ಕಿಂತ ತುಸು ದಪ್ಪ.